ಓಬಳೇಶನ ಆರು ತಂತಿ, ಇಪ್ಪತ್ತನಾಲ್ಕು ಮನೆ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಕಡೆ ಬೆರಳು ತೋರಿಸಬಾರದು. ನನ್ನ ಕಸುಬು ತೂತು ಹೊಡೆಯುವುದು. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆಯ ಅಂಚಿನ ಮೇಲೆ ಹಂಸ ತೇಲಬೇಕಾದರೆ, ಮಾವಿನಕಾಯಿ ತೂಗಬೇಕಾದರೆ, ಅದಕ್ಕೂ ಮೊದಲು ಈ ಚಿತ್ತಪ್ಪ ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆದಿರಬೇಕು. ಸಾವುಕಾರರು ಚೌಕುಳಿ ಹಾಳೆಯ ಮೇಲೆ ಡಿಸೈನು ಬರೆಸಿ ಕಳಿಸುತ್ತಾರೆ. ಅದನ್ನು ನಾವು ಗ್ರಾಫ್ ಅನ್ನುತ್ತೇವೆ. ಒಂದು ಸಾಲಿಗೆ ಒಂದು ಕಾರ್ಡು. ತುಂಬಿದ ಮನೆ ಕಂಡಲ್ಲಿ ತೂತು ಹೊಡಿ, ಖಾಲಿ ಮನೆ ಕಂಡಲ್ಲಿ ಬಿಡು. ಆ ಕಾರ್ಡುಗಳನ್ನು ಒಂದಕ್ಕೊಂದು ಹೊಲಿದು ಮಗ್ಗದ ತಲೆಯ ಮೇಲೆ ಏರಿಸಿದರೆ, ತೂತು ಇದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಮಲಗುತ್ತದೆ. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಗ್ರಾಫಿನಲ್ಲಿ ಏನಿದೆ ಎಂದು ಕೇಳುವುದು ನನ್ನ ಕೆಲಸವಲ್ಲ. ಪೋಸ್ಟ್‌ಮ್ಯಾನ್ ಕಾಗದ ಒಡೆದು ಓದುತ್ತಾನೆಯೇ? ಓದಿದರೂ ಹೇಳುತ್ತಾನೆಯೇ? ನಂದೂ ಅಷ್ಟೇ.

ಹಾಗಿದ್ದರೂ ನಮ್ಮ ಬೀದಿಯಲ್ಲಿ ಇವತ್ತಿಗೂ “ಓಬಳೇಶನ ಮಗ್ಗಕ್ಕೆ ಕಲ್ಲು ಹಾಕೋಕೆ ಹೊರಟಿದ್ದೇ ಈ ಚಿತ್ತಪ್ಪ” ಅನ್ನುವವರಿದ್ದಾರೆ. ಅವರ ಬಾಯಿ ಮುಚ್ಚಿಸಲು ನಡೆದದ್ದು ನಡೆದ ಹಾಗೆ ಬರೆದಿಡುತ್ತಿದ್ದೇನೆ. ನನ್ನ ತಪ್ಪು ಎಲ್ಲಿದೆಯೋ ಅಲ್ಲಿ ಅದನ್ನೂ ಹೇಳುತ್ತೇನೆ, ಸ್ವಲ್ಪ ಸಣ್ಣ ದನಿಯಲ್ಲಿ.

ಓಬಳೇಶನದು ಬೀದಿಯ ಕೊನೆಯ ಮನೆ. ವಯಸ್ಸು ನಲವತ್ತೊಂಬತ್ತು. ಕೈ ಚಿನ್ನ, ತಲೆ ಗೊಂದಲ. ಒಮ್ಮೆ ಮದುವೆ ಮನೆಯಿಂದ ಎಡಗಾಲಿಗೆ ತನ್ನ ಚಪ್ಪಲಿ, ಬಲಗಾಲಿಗೆ ಬೀಗರ ಚಪ್ಪಲಿ ಮೆಟ್ಟಿಕೊಂಡು ಬಂದು, ಎರಡು ದಿನ “ಯಾಕೋ ಒಂದು ಕಾಲು ಎಳೀತೈತೆ” ಎಂದು ನರಳಿ, ಕೊನೆಗೆ ಡಾಕ್ಟರಿಂದ ಚಪ್ಪಲಿ ಬದಲಾಯಿಸಿಕೊಳ್ಳಿ ಎಂದು ಸಲಹೆ ಪಡೆದು ಬಂದ ಆಸಾಮಿ. ಆದರೆ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತನೆಂದರೆ ಅವನೇ ಬೇರೆ. ಇಪ್ಪತ್ತೆರಡು ವರ್ಷದಿಂದ ದೊಡ್ಡೀರಪ್ಪ ಸಾವುಕಾರರು ಕೊಡುವ ರೇಷ್ಮೆಯನ್ನು ನೇಯುತ್ತಾನೆ. ಒಂದು ಎಳೆ ಹೆಚ್ಚುಕಡಿಮೆ ಆಯಿತು ಎಂದು ಒಂದು ಸೀರೆಯೂ ವಾಪಸ್ಸು ಬಂದದ್ದಿಲ್ಲ.

ನಮ್ಮ ಬೀದಿಯಲ್ಲಿ ಹದಿನೇಳು ಮಗ್ಗ. ಯಾರು ನೇಯುತ್ತಿದ್ದಾರೆ, ಯಾರು ಬೀಡಿ ಸೇದಲು ಎದ್ದಿದ್ದಾರೆ ಎಂದು ತಿಳಿಯಲು ನಾವು ಇಣುಕಿ ನೋಡಬೇಕಾಗಿಲ್ಲ. ಸದ್ದೇ ಹಾಜರಿ ಕೂಗುತ್ತದೆ. ಹೀಗಿರುವಾಗ ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಓಬಳೇಶನ ಮಗ್ಗ ನಿಂತಿತು. ಅರ್ಧ ಗಂಟೆ ನಿಂತು ಮತ್ತೆ ಶುರುವಾಯಿತು. ಮರುದಿನವೂ ಹಾಗೇ. ಅದರ ಮರುದಿನವೂ. ಜೊತೆಗೆ ಬಾಗಿಲಿಗೆ ಅಗಳಿ ಬೇರೆ. ನೇಕಾರರ ಮನೆಯಲ್ಲಿ ಹಗಲು ಹೊತ್ತು ಅಗಳಿ ಹಾಕುತ್ತಾರೆಂದರೆ, ಒಳಗೆ ಒಂದೋ ಪಂಚಾಯ್ತಿ ನಡೆಯುತ್ತಿರಬೇಕು, ಇಲ್ಲ ಪಾಯಸ ಆಗುತ್ತಿರಬೇಕು.

ಪಕ್ಕದ ಮನೆಯ ಬೊಮ್ಮಕ್ಕ ಸಕ್ಕರೆ ಕೇಳುವ ನೆಪದಲ್ಲಿ ಮೂರು ಸಲ ಬಾಗಿಲು ತಟ್ಟಿದಳು. ಮೂರು ಸಲವೂ ಓಬಳೇಶನ ಹೆಂಡತಿ ಸುಲೋಚನಮ್ಮ ಬಾಗಿಲನ್ನು ಒಂದು ಗೇಣು ತೆರೆದು ಸಕ್ಕರೆ ಕೊಟ್ಟು ಮುಚ್ಚಿದಳು.

“ಒಳಗೇನೋ ಐತೆ ಚಿತ್ತಪ್ಪಣ್ಣ,” ಎಂದಳು ಬೊಮ್ಮಕ್ಕ. “ಕೇಳಿದ ತಕ್ಷಣ ಸಕ್ಕರೆ ಕೊಡೋ ಹೆಂಗಸಲ್ಲ ಅವಳು.”

ಬೀದಿಯಲ್ಲಿ ಮಾತು ಎದ್ದಿದೆ ಎಂದು ಗೊತ್ತಾಯಿತೋ ಏನೋ, ಮುಂದಿನ ವಾರದಿಂದ ಹನ್ನೊಂದಕ್ಕೂ ಮಗ್ಗ ಸದ್ದು ಮಾಡತೊಡಗಿತು. ಸಂಶಯ ತೀರಿತಲ್ಲ ಎಂದುಕೊಂಡರೆ, ನನ್ನ ಬಾಮೈದ ಮಾರುತೇಶ ಓಡಿ ಬಂದ. ಅವನೂ ನೇಕಾರನೇ, ಕಿವಿ ಚುರುಕು.

“ಭಾವ, ಓಬಳೇಶಣ್ಣನ ಮಗ್ಗ ಲಾಳಿ ಇಲ್ದಂಗೆ ನಡೀತೈತೆ.”

“ಲಾಳಿ ಇಲ್ದೆ ಮಗ್ಗ ಹೆಂಗ್ ನಡೀತದೋ, ತಲೆ ಸರಿ ಐತೇನೋ ನಿಂಗೆ?”

“ಕಿವಿಗೊಟ್ಟು ಕೇಳು. ಬರೀ ಹಲಗೆ ಬಡೀತಾರೆ. ಟಪ್ಪು, ಟಪ್ಪು, ಟಪ್ಪು. ನಡುವೆ ಲಾಳಿ ಸರ್ ಅಂತ ಹೋಗೋ ಸದ್ದೇ ಇಲ್ಲ.”

ಕೇಳಿದೆ. ನಿಜ. ಅಡ್ಡ ಎಳೆ ಒಯ್ಯುವ ಲಾಳಿ ಓಡಿಸದೆ ಯಾರೋ ಮಗ್ಗದ ಹಲಗೆಯನ್ನು ಸುಮ್ಮನೆ ಎಳೆದು ಎಳೆದು ಬಡಿಯುತ್ತಿದ್ದರು. ಬಟ್ಟೆ ನೇಯದೆ ಸದ್ದು ಮಾತ್ರ ನೇಯುವ ಮಗ್ಗವನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಇದರ ಮೇಲೆ ಇನ್ನೂ ಮೂರು ಸಾಕ್ಷಿ ಸೇರಿದವು. ಒಂದು, ಓಬಳೇಶ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಚಳ್ಳಕೆರೆಗೆ ಹೋಗಿ ಸಂಜೆ ಬರತೊಡಗಿದ. ಎರಡು, ನೇಯುವಾಗ, ನಡೆಯುವಾಗ, ಕ್ಷೌರಕ್ಕೆ ಕೂತಾಗ ಕೂಡ “ಎರಡನೇದು, ಮೂರನೇ ಮನೆ ಎತ್ತು, ಬಿಡು, ಮೊದಲನೇದು ಖಾಲಿ” ಎಂದು ಗೊಣಗುತ್ತಿದ್ದ. ಮೂರು, ನನ್ನ ಹತ್ತಿರವೇ ಬಂದು ಗ್ರಾಫ್ ಹಾಳೆ ಒಯ್ಯುತ್ತಿದ್ದ. ಯಾಕಪ್ಪಾ ಎಂದರೆ “ನಮ್ಮವಳು ರಂಗೋಲಿ ಬರೀತಾಳೆ” ಅನ್ನುತ್ತಿದ್ದ. ಸುಲೋಚನಮ್ಮನ ಮನೆ ಮುಂದೆ ಇಪ್ಪತ್ತು ವರ್ಷದಿಂದ ಅದೇ ನಾಲ್ಕು ಚುಕ್ಕಿಯ ರಂಗೋಲಿ ಎಂಬುದು ಬೀದಿಗೆಲ್ಲ ಗೊತ್ತು.

ನಮ್ಮ ಬೀದಿಯ ಜನ ದಡ್ಡರಲ್ಲ. ಒಂದಕ್ಕೆ ಒಂದು ಸೇರಿಸಿ ನಾಲ್ಕು ಮಾಡುವವರು. ಓಬಳೇಶ ಮನೆಯಲ್ಲಿ ಕದ್ದು ಹೊಸ ಡಿಸೈನು ಬರೆಯುತ್ತಿದ್ದಾನೆ, ಚಳ್ಳಕೆರೆಯ ಯಾವನೋ ಬಟ್ಟೆ ವ್ಯಾಪಾರಿಗೆ ಕೊಡುತ್ತಿದ್ದಾನೆ ಎಂದು ತೀರ್ಮಾನವಾಯಿತು. ಇದು ಸಣ್ಣ ಮಾತಲ್ಲ. ಒಬ್ಬ ಸಾವುಕಾರರ ರೇಷ್ಮೆ ಮಗ್ಗದ ಮೇಲಿಟ್ಟುಕೊಂಡು ಇನ್ನೊಬ್ಬರಿಗೆ ಡಿಸೈನು ದಾಟಿಸಿದ ನೇಕಾರನಿಗೆ ಊರಿನಲ್ಲಿ ಯಾರೂ ಆಮೇಲೆ ಒಂದು ಎಳೆ ಕೊಡುವುದಿಲ್ಲ. ಮಗ್ಗಕ್ಕೆ ಕಟ್ಟಿದ ಉದ್ದ ಎಳೆಗಳನ್ನು, ಅಂದರೆ ಹಾಸು, ಬಿಚ್ಚಿಕೊಂಡು ಹೋಗುತ್ತಾರೆ, ಖಾಲಿ ಮಗ್ಗದ ಮುಂದೆ ಕೂತು ನೊಣ ಹೊಡೆಯಬೇಕು.

ಅಷ್ಟರಲ್ಲಿ ಆ ಶನಿವಾರ ಬಂತು. ದೊಡ್ಡೀರಪ್ಪನವರು ಒಂದು ಮದುವೆ ಸೀರೆಗೆಂದು ಹೊಸ ಹಂಸದ ಅಂಚಿನ ಗ್ರಾಫ್ ಬರೆಸಿದ್ದರು. ನೇಯಬೇಕಾದವನು ಮಾರುತೇಶ. ಸಾವುಕಾರರ ಮನೆಗೆ ಹೋಗಿದ್ದ ಓಬಳೇಶನ ಕೈಗೆ ಸುರುಳಿ ಕೊಟ್ಟು “ಹೋಗೋ ದಾರೀಲಿ ಚಿತ್ತಪ್ಪಂಗೆ ಕೊಟ್ಟು ಹೋಗು” ಎಂದಿದ್ದರು. ಓಬಳೇಶ ತನ್ನ ಚೀಲದಿಂದ ಒಂದು ಸುರುಳಿ ತೆಗೆದು ನನ್ನ ಮುಂದಿಟ್ಟ.

“ಸಾವ್ಕಾರ್ರು ಕೊಟ್ಟವ್ರೆ. ಮಾರುತೇಶನ ಮಗ್ಗಕ್ಕಂತೆ,” ಎಂದ. ಆಮೇಲೆ “ಮೊದಲನೇದು ಎರಡನೇ ಮನೆ ಎತ್ತು” ಎಂದು ಗೊಣಗುತ್ತಾ ಹೋದ.

ನಾನು ಬಿಚ್ಚಿ ನೋಡಿದೆ. ಇಪ್ಪತ್ತನಾಲ್ಕು ಮನೆ ಅಗಲ, ತೊಂಬತ್ತಾರು ಸಾಲು ಉದ್ದ. ಸಾಲಿಗೆ ಒಂದೇ ಚುಕ್ಕಿ. ಆ ಚುಕ್ಕಿ ಒಮ್ಮೆ ಎಡಕ್ಕೆ ನಡೆದು, ಒಮ್ಮೆ ಬಲಕ್ಕೆ ವಾಲಿ, ಎರಡು ಹೆಜ್ಜೆ ನಿಂತು, ಮತ್ತೆ ಹೊರಡುತ್ತಿತ್ತು. ಹಂಸ ಎಲ್ಲಿ ಎಂದು ಒಂದು ಗಳಿಗೆ ಹುಡುಕಿದೆ. ನೀರಿನಲ್ಲಿ ಮುಳುಗಿರಬಹುದು ಎಂದುಕೊಂಡೆ. ಈಗಿನ ಡಿಸೈನುಗಳೇ ಹಾಗೆ, ಹಂಸ ಅಂದರೆ ಹಂಸ ಇರಬೇಕೆಂದಿಲ್ಲ. ಪೋಸ್ಟ್‌ಮ್ಯಾನ್ ಮಾತು ಆಗಲೇ ಹೇಳಿದ್ದೇನೆ. ಅಂದು ಮಧ್ಯಾಹ್ನವೇ ಕೂತು ತೊಂಬತ್ತಾರು ಕಾರ್ಡು ಹೊಡೆದು, ಹೊಲಿದು, ಮಾರುತೇಶನ ಮಗ್ಗಕ್ಕೆ ಏರಿಸಿಕೊಟ್ಟೆ.

ಮರುದಿನ ಭಾನುವಾರ ಚಳ್ಳಕೆರೆಯಲ್ಲಿ ನಡೆದದ್ದು ನನಗೆ ಆಮೇಲೆ ತಿಳಿದದ್ದು. ನಿಮಗೆ ಈಗಲೇ ಹೇಳಿಬಿಡುತ್ತೇನೆ, ನಾನು ಪಟ್ಟ ಪೇಚಾಟ ನಿಮಗೆ ಬೇಡ.

ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನ ಮಹಡಿಯಲ್ಲಿ ಕಾಂಚನಾ ಎಂಬ ಹುಡುಗಿ ಭಾನುವಾರ ಗಿಟಾರ್ ಹೇಳಿಕೊಡುತ್ತಾಳೆ. ವಾರವೆಲ್ಲ ಅವಳಿಗೆ ಕುದಾಪುರದ ಕಡೆ ಲ್ಯಾಬಿನಲ್ಲಿ ಕೆಲಸ. ಎಂಟೊಂಬತ್ತು ತಿಂಗಳ ಹಿಂದೆ ಅವಳ ತಾಯಿಗೆ ಸೀರೆ ತಲುಪಿಸಲು ಓಬಳೇಶ ಹೋಗಿದ್ದನಂತೆ. ಸೀರೆ ಕೊಟ್ಟು ನೀರು ಕುಡಿಯುತ್ತಿರುವಾಗ ಒಳಗೆ ಟಣ್ ಎಂದು ಗಿಟಾರಿನ ತಂತಿಯೊಂದು ಹರಿಯಿತು. ಹರಿದ ಎಳೆ ಕಂಡರೆ ನೇಕಾರನ ಕೈ ಸುಮ್ಮನಿರುವುದಿಲ್ಲ. ಇವನು ಯಾರನ್ನೂ ಕೇಳದೆ ಒಳಗೆ ನುಗ್ಗಿ, ಎರಡೂ ತುದಿ ಹಿಡಿದು, ನಮ್ಮ ನೇಕಾರರ ಗಂಟು ಹಾಕಿ, ಗಂಟಿನ ಬಾಲವನ್ನು ಹಲ್ಲಿನಿಂದ ಕಡಿದ. ಉಕ್ಕಿನ ತಂತಿ. ಹಲ್ಲು ಒಂದು ಚೂರು ಹೋಯಿತು, ಗಂಟೂ ನಿಲ್ಲಲಿಲ್ಲ.

“ಅಂಕಲ್, ಇದಕ್ಕೆ ಗಂಟು ಹಾಕಲ್ಲ, ಹೊಸದು ಕಟ್ತೀವಿ,” ಎಂದು ಕಾಂಚನಾ ನಗುತ್ತಾ ಹೊಸ ತಂತಿ ಕಟ್ಟಿ, ಬಿಗಿ ಮಾಡಲು ಅವನ ಕೈಗೇ ಕೊಟ್ಟಳು. ಬಿಗಿ ನೋಡುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಿವಿಯ ಹತ್ತಿರ ಇಟ್ಟು ಒಂದು ಸಲ ಮೀಟಿದ. ಇನ್ನೊಂದು ಸಲ ಮೀಟಿದ. ಆವತ್ತು ಮೂರು ಗಂಟೆಯ ಬಸ್ಸು ಹೋಯಿತು, ಐದರದ್ದೂ ಹೋಯಿತು. ಮುಂದಿನ ಭಾನುವಾರ ಕಾಂಚನಾಳ ಹಳೆಯ ಗಿಟಾರು ಒಂದು ಹಳೇ ದುಪ್ಪಟಿ ಸುತ್ತಿಕೊಂಡು ಮೊಳಕಾಲ್ಮುರಿಗೆ ಬಂದು ಓಬಳೇಶನ ಮಗ್ಗದ ಗುಂಡಿಯಲ್ಲಿ ವಾಸಕ್ಕೆ ಇಳಿಯಿತು.

ಯಾರಿಗೂ ಹೇಳಲಿಲ್ಲ. ಐವತ್ತರ ಹೊಸ್ತಿಲಲ್ಲಿ ಗಿಟಾರು ಹಿಡಿದನಂತೆ ಎಂದರೆ ಬೀದಿ ನಗುತ್ತದೆ ಎಂಬ ಭಯ. ಆ ಭಯ ಸುಳ್ಳೇನೂ ಅಲ್ಲ. ಮೊದಲು ನಗುತ್ತಿದ್ದವನು ನಾನೇ.

ಮೊದಲ ತಿಂಗಳು ಬೆರಳ ತುದಿ ಉರಿ ಬಂತಂತೆ. ತಂತಿ ಮೀಟಿದರೆ ಬಾಟಲಿಯೊಳಗಿನ ನೊಣದ ಸದ್ದು. ಎರಡನೇ ತಿಂಗಳಲ್ಲಿ ನೊಣ ಹೋಯಿತು. ಮೂರನೇ ತಿಂಗಳಲ್ಲಿ ಕಣ್ಣು ಮುಚ್ಚಿದರೂ ಬೆರಳಿಗೆ ಜಾಗ ಸಿಕ್ಕಿತು. ಕಾಂಚನಾ ಬರೆದುಕೊಟ್ಟ ಇಂಗ್ಲಿಷ್ ಅಕ್ಷರಗಳು ತಲೆಗೆ ಹತ್ತದೇ ಹೋದಾಗ ಇವನೇ ಒಂದು ದಾರಿ ಕಂಡುಕೊಂಡ. ಗ್ರಾಫ್ ಹಾಳೆ ತೆಗೆದ. ಗಿಟಾರಿಗೆ ಆರು ತಂತಿ. ಒಂದೊಂದು ತಂತಿಗೆ ನಾಲ್ಕು ನಾಲ್ಕು ಮನೆ ಕೊಟ್ಟ. ಬೆರಳು ಎಲ್ಲಿ ಕೂರಬೇಕೋ ಆ ಮನೆ ತುಂಬಿದ. ಒಂದು ಮೀಟಿಗೆ ಒಂದು ಸಾಲು.

“ಯಾವ ಹಾಡು ಕಲೀತೀರಾ ಅಂಕಲ್?” ಎಂದು ಕಾಂಚನಾ ಕೇಳಿದ್ದಳು.

“ಹಾಡಲ್ಲಮ್ಮ. ನಮ್ಮವಳು ಕಂಡಿಕೆಗೆ ನೂಲು ಸುತ್ತೋವಾಗ ಒಂದು ರಾಗ ಗುನುಗ್ತಾಳೆ. ಮಾತಿಲ್ಲ ಅದಕ್ಕೆ. ಅದು ಬರಬೇಕು ನಂಗೆ,” ಎಂದಿದ್ದ.

ವಾರಕ್ಕೆ ನಾಲ್ಕು ಸಾಲು. ಹೆಚ್ಚಿಲ್ಲ, ಕಡಿಮೆಯಿಲ್ಲ. ನಾಲ್ಕು ಸಾಲು ಕೈಗೆ ಕೂತ ಮೇಲೆ ಮುಂದಿನ ನಾಲ್ಕು. ಸುಲೋಚನಮ್ಮ ಮಗ್ಗದ ಹಲಗೆ ಬಡಿದು ತಾಳ ಹಾಕುವಳು, ಹೊರಗಿನವರಿಗೆ ಗಿಟಾರೂ ಕೇಳಿಸುವುದಿಲ್ಲ, ಇವನ ತಾಳವೂ ತಪ್ಪುವುದಿಲ್ಲ. ತೊಂಬತ್ತಾರು ಸಾಲಿಗೆ ಇಪ್ಪತ್ತನಾಲ್ಕು ವಾರ ಹಿಡಿಯಿತು. ನಾನು ಒಂದು ಮಧ್ಯಾಹ್ನದಲ್ಲಿ ಟಕಟಕ ಹೊಡೆದು ಬಿಸಾಕಿದ್ದು ಆ ಮನುಷ್ಯನ ಇಪ್ಪತ್ತನಾಲ್ಕು ವಾರ. ನನಗೆ ಈಗಲೂ ಅದನ್ನು ನೆನೆದರೆ ಒಂಥರಾ ಆಗುತ್ತದೆ.

ಆ ಭಾನುವಾರ ಅವನು ಕೈಕಾಲು ತೊಳೆಯಲು ಹೋದಾಗ ಕಾಂಚನಾ ಅವನ ಚೀಲದಿಂದ ಸುರುಳಿ ತೆಗೆದು ಸ್ಟ್ಯಾಂಡಿಗೆ ಸಿಕ್ಕಿಸಿ ತಾನೇ ನುಡಿಸತೊಡಗಿದಳು. ಓಬಳೇಶ ತೊಯ್ದ ಕೈಯಲ್ಲೇ ಓಡಿ ಬಂದ. ಸದ್ದು ಹಾಗಿತ್ತು.

“ಅಂಕಲ್, ಈ ವಾರ ತುಂಬಾ ಕಷ್ಟದ್ದು ಬರ್ಕೊಂಡು ಬಂದಿದ್ದೀರಿ,” ಎಂದಳು ಅವಳು, ಬೆವರು ಒರೆಸಿಕೊಳ್ಳುತ್ತಾ. “ಮೇಲಿನದ್ದು ಹೆಂಗೋ ಬಂತು. ನಡುವೆ ನನ್ನ ಬೆರಳೇ ಸಾಲಲಿಲ್ಲ.”

ಓಬಳೇಶ ಹಾಳೆ ನೋಡಿದ. “ಅದು ಕುತ್ತಿಗೆ ಕಣಮ್ಮ. ನಡುವೆ ಇರೋದು ಹೊಟ್ಟೆ. ಇದು ಸಾವ್ಕಾರ್ರ ಹಂಸ,” ಎಂದ. ಹಂಸ ಇಲ್ಲಿದ್ದರೆ ಹಾಡು ಎಲ್ಲಿ ಎಂದು ತಿಳಿಯಲು ಅವನಿಗೂ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಾಠ ಬಿಟ್ಟು ಸಿಕ್ಕಿದ ಬಸ್ಸು ಹತ್ತಿದ.

ಇತ್ತ ಮಾರುತೇಶ ಬೆಳಿಗ್ಗೆಯಿಂದ ನೇಯುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಒಂದು ಗೇಣಿನಷ್ಟು ಅಂಚು ಇಳಿದಿತ್ತು. ಹಸಿರಿನ ಮೇಲೆ ಜರಿ ಚುಕ್ಕಿಗಳು ಸಾಲಾಗಿ ಏರಿ, ಇಳಿದು, ನಿಂತು, ನಡೆದು ಹೋಗುತ್ತಿದ್ದವು. ಬೊಮ್ಮಕ್ಕ ಬಂದು ನೋಡಿ, ಸಕ್ಕರೆ ಕೇಳುವುದನ್ನೂ ಮರೆತು ನಿಂತಳು. ನಾಲ್ಕು ಗಂಟೆಗೆ ದೊಡ್ಡೀರಪ್ಪನವರು ತಮ್ಮ ಹಂಸ ಹೇಗೆ ತೇಲುತ್ತಿದೆ ನೋಡೋಣ ಎಂದು ಬಂದರು.

ಕನ್ನಡಕ ಹಾಕಿ ಬಗ್ಗಿದರು. ಕನ್ನಡಕ ತೆಗೆದು ಬಗ್ಗಿದರು.

“ಹಂಸ ಎಲ್ಲೋ?”

“ಕಾರ್ಡ್ ಹೆಂಗೈತೋ ಹಂಗೆ ಬಂದೈತೆ ಸಾವ್ಕಾರ್ರೆ,” ಎಂದ ಮಾರುತೇಶ, ನನ್ನ ಕಡೆ ಕೈ ತೋರಿಸುತ್ತಾ.

“ಗ್ರಾಫ್ ಹೆಂಗೈತೋ ಹಂಗೆ ಹೊಡ್ದಿದೀನಿ,” ಎಂದೆ ನಾನು, ಗ್ರಾಫ್ ಮುಂದಿಡುತ್ತಾ. “ಓಬಳೇಶ ಕೊಟ್ಟಿದ್ದು.”

“ಇದು ನಂದಲ್ಲ. ನನ್ನ ಹಂಸ ಎಲ್ಲಿಗೋಯ್ತು?”

ಇಲ್ಲಿ ನನ್ನ ತಪ್ಪು ಬರುತ್ತದೆ. ಸುಮ್ಮನಿರಬಹುದಿತ್ತು. ಆದರೆ ಸಾವುಕಾರರು ಕಣ್ಣು ಕೆಂಪಗೆ ಮಾಡಿ ಎದುರು ನಿಂತಾಗ, ಆ ಕೆಂಪು ಬೇರೆಯವರ ಕಡೆ ತಿರುಗಲಿ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಗಳಿ ಹಾಕಿದ ಬಾಗಿಲು, ಲಾಳಿಯಿಲ್ಲದ ಮಗ್ಗ, ರಂಗೋಲಿ ನೆಪದ ಹಾಳೆಗಳು, ಚಳ್ಳಕೆರೆಯ ಭಾನುವಾರಗಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

“ಅಂದ್ರೆ ನನ್ನ ಹಂಸ ಈಗ ಚಳ್ಳಕೆರೆಲೈತೆ,” ಎಂದರು ದೊಡ್ಡೀರಪ್ಪನವರು.

ಅಷ್ಟು ಹೊತ್ತಿಗೆ ಸರಿಯಾಗಿ ಓಬಳೇಶ ಬೀದಿಯ ತುದಿಯಿಂದ ಓಡಿ ಬಂದ. ಕೈಯಲ್ಲಿ ಹಂಸದ ಸುರುಳಿ. ಕಳ್ಳನೂ ಇಷ್ಟು ಅನುಕೂಲವಾಗಿ ಸಾಕ್ಷಿ ತಂದುಕೊಡುವುದಿಲ್ಲ.

“ಸಾವ್ಕಾರ್ರೆ, ಬದಲಾಗೋಯ್ತು. ಇದು ನಿಮ್ಮ ಹಂಸ. ಅದು ನಂದು.”

“ನಿಂದಾ? ನೀನು ಯಾವಾಗಿಂದ ಡಿಸೈನ್ ಬರೆಯೋನಾದೆ? ಯಾರಿಗ್ ಮಾಡ್ತಿದೀಯಾ ಹೇಳು.”

“ಡಿಸೈನಲ್ಲ ಸಾವ್ಕಾರ್ರೆ. ಅದು ಹಾಡು.”

ಹದಿನೇಳು ಮನೆಯವರೂ ಒಟ್ಟಿಗೆ ನಕ್ಕರು. ಸಾವುಕಾರರು ನಗಲಿಲ್ಲ.

“ಇಪ್ಪತ್ತೆರಡು ವರ್ಷ ನಿನ್ನ ನಂಬಿದೀನಿ ಓಬಳೇಶ. ತಪ್ಪಾಯ್ತು ಅಂದಿದ್ರೆ ಬೈದು ಬಿಡ್ತಿದ್ದೆ. ಹಾಡು ಅಂತೀಯಲ್ಲ, ನಾನೇನು ಕಿವೀಗೆ ಹೂವಿಟ್ಕೊಂಡಿದೀನಾ? ನಾಳೆ ಬೆಳಿಗ್ಗೆ ಆಳು ಕಳಿಸ್ತೀನಿ, ಹಾಸು ಬಿಚ್ಕೊಡು.”

ಅರ್ಧ ಸೀರೆ ಮಗ್ಗದ ಮೇಲಿದ್ದಾಗ ಹಾಸು ಬಿಚ್ಚಿಸುವುದೆಂದರೆ ನಮ್ಮಲ್ಲಿ ಊಟದ ಎಲೆಯಿಂದ ಎಬ್ಬಿಸಿದ ಹಾಗೆ. ನನಗೆ ನಾಚಿಕೆಯಾಯಿತು. ಏನೋ ಹೇಳಲು ಬಾಯಿ ತೆರೆದೆ, ಆದರೆ ಹೇಳುವುದನ್ನೆಲ್ಲ ಆಗಲೇ ಹೇಳಿ ಮುಗಿಸಿದ್ದೆ.

ಆಗ ಸುಲೋಚನಮ್ಮ ಬಾಗಿಲು ಪೂರ್ತಿ ತೆರೆದು ಹೊರಗೆ ಬಂದಳು. ಅವಳು ಗಂಡನ ಹತ್ತಿರ ತೆಲುಗಿನಲ್ಲೇ ಮಾತಾಡುವವಳು. “ಏಮಂಡೀ, ರಂಡಿ ಲೋಪಲಿಕಿ,” ಎಂದು ಅವನನ್ನು ಒಳಗೆ ಕರೆದು, ಸಾವುಕಾರರ ಕಡೆ ತಿರುಗಿ ಹೇಳಿದಳು:

“ನೀವೂ ಬರ್ರಿ. ಎಲ್ಲಾರೂ ಬರ್ರಿ. ಹಾಡೋ ಅಲ್ಲೋ ಕೇಳಿ ಹೇಳ್ರಿ. ಕೇಳಿದ ಮೇಲೆ ಬಿಚ್ಕೊಂಡು ಹೋಗ್ರಿ.”

ಬೀದಿಯೇ ಒಳಗೆ ನುಗ್ಗಿತು. ಓಬಳೇಶ ಮಗ್ಗದ ಗುಂಡಿಗೆ ಇಳಿದು ದುಪ್ಪಟಿ ಸುತ್ತಿದ ಗಂಟು ಎತ್ತಿದ. ಬಿಚ್ಚಿದರೆ ಗಿಟಾರು. ಬೊಮ್ಮಕ್ಕ “ಅಯ್ಯೋ ಶಿವನೇ” ಎಂದು ಸೆರಗು ಬಾಯಿಗಿಟ್ಟುಕೊಂಡಳು.

ದೊಡ್ಡೀರಪ್ಪನವರು ಹಾಸಿದ ಚಾಪೆಯ ಮೇಲೆ ಕೂತರು. ಅವರು ಮೊಂಡ ಮನುಷ್ಯ, ಆದರೆ ನ್ಯಾಯವಂತ. “ಚಿತ್ತಪ್ಪ, ಆ ಕಾರ್ಡ್ ಸರ ತಗೊಂಡ್ ಬಾ. ಇವ್ನು ಒಂದೊಂದು ಮೀಟ್ತಾ ಹೋಗ್ಲಿ, ನೀನು ಒಂದೊಂದು ಕಾರ್ಡ್ ನೋಡ್ತಾ ಹೋಗು. ಬೆರಳು ಕಾರ್ಡಿನ ಪ್ರಕಾರ ಬಿದ್ರೆ ಹಾಡು. ಬೀಳ್ಲಿಲ್ಲ ಅಂದ್ರೆ ಸುಳ್ಳು,” ಎಂದರು. ಪ್ರಪಂಚದಲ್ಲಿ ಗಿಟಾರ್ ಪರೀಕ್ಷೆಗೆ ರಟ್ಟಿನ ಕಾರ್ಡು ಹಿಡಿದು ಕೂತ ಮೊದಲ ಪರೀಕ್ಷಕ ನಾನೇ ಇರಬೇಕು. ಯಾವ ತಂತಿಗೆ ಯಾವ ಮನೆ ಎಂದು ಓಬಳೇಶ ಒಮ್ಮೆ ತೋರಿಸಿಕೊಟ್ಟ. ಮೂವತ್ತೊಂದು ವರ್ಷ ಮನೆ ಎಣಿಸಿದವನಿಗೆ ಅಷ್ಟು ಸಾಕು.

ಓಬಳೇಶ ಗಿಟಾರು ತೊಡೆಯ ಮೇಲಿಟ್ಟುಕೊಂಡ. ಮೊದಲ ಮೀಟು ಬಾಟಲಿಯ ನೊಣ. ಎರಡನೆಯದು ಇನ್ನೂ ದೊಡ್ಡ ನೊಣ. ಯಾರೋ ಹಿಂದೆ ಕಿಸಕ್ಕೆಂದರು. ಅವನು ನಿಲ್ಲಿಸಿ ಪಂಚೆಗೆ ಅಂಗೈ ಒರೆಸಿಕೊಂಡ.

ಸುಲೋಚನಮ್ಮ ಹೋಗಿ ಮಗ್ಗದಲ್ಲಿ ಕೂತು ಹಲಗೆ ಎಳೆದಳು. ಟಪ್ಪು, ಟಪ್ಪು, ಟಪ್ಪು. ಮಾರುತೇಶ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ನಾಲ್ಕನೇ ಟಪ್ಪಿಗೆ ಓಬಳೇಶನ ಬೆರಳು ಬಿತ್ತು.

ಈ ಸಲ ನೊಣ ಇರಲಿಲ್ಲ. ಸ್ವಚ್ಛವಾದ ಒಂದು ನಾದ ಬಂತು. ಅದರ ಹಿಂದೆ ಇನ್ನೊಂದು. “ಸರಿ,” ಎಂದೆ. “ಸರಿ. ಇದೂ ಸರಿ.” ಹತ್ತು ಕಾರ್ಡು ದಾಟಿತು, ಇಪ್ಪತ್ತು ದಾಟಿತು. ಅವಸರವಿಲ್ಲ, ತಡವರಿಕೆಯಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಗಸರ ಕಡೆಯಿಂದ ಸಣ್ಣಗೆ ಗುನುಗು ಎದ್ದಿತು. ಇದು ಅವರೆಲ್ಲ ನೂಲು ಸುತ್ತುವಾಗಿನ ರಾಗ. ತಮ್ಮ ತಮ್ಮ ಅವ್ವಂದಿರಿಂದ ಬಂದದ್ದು, ಇದೊಂದು ರಾಗ ಎಂದು ಯಾರೂ ಯೋಚಿಸಿರಲಿಲ್ಲ. ಬೊಮ್ಮಕ್ಕ ತಲೆಯಾಡಿಸುತ್ತಿದ್ದಳು. ನನಗೆ ನಮ್ಮವ್ವ ಕಂಡಿಕೆ ಸುತ್ತುತ್ತಾ ಕೂತದ್ದು ಕಣ್ಣಿಗೆ ಕಟ್ಟಿದಂತಾಗಿ “ಸರಿ” ಅನ್ನುವುದು ಎರಡು ಕಾರ್ಡು ಮರೆತೇ ಹೋಯಿತು.

ನಲವತ್ತೊಂದನೇ ಕಾರ್ಡಿಗೆ ಬಂದೆ. ತೂತು ಎರಡನೇ ತಂತಿಯ ಕೊನೆಯ ಮನೆಯಲ್ಲಿತ್ತು. ಓಬಳೇಶನ ಬೆರಳು ಒಂದು ಮನೆ ಈಚೆ ಬಿತ್ತು.

ನಾನು ಏನು ಮಾಡಲಿ? ಬಾಯಿ ತಾನಾಗಿ ಆಡಿತು. “ತಪ್ಪು,” ಎಂದೆ.

ಹಲಗೆ ನಿಂತಿತು. ಗುನುಗು ನಿಂತಿತು. ದೊಡ್ಡೀರಪ್ಪನವರು ನಿಟ್ಟುಸಿರುಬಿಟ್ಟು ಮಂಡಿಗೆ ಕೈಯೂರಿ ಏಳತೊಡಗಿದರು. ಇಪ್ಪತ್ತೆರಡು ವರ್ಷದ ಅನ್ನ ಎದ್ದು ಹೊರಟ ಹಾಗೆ ಕಂಡಿತು ನನಗೆ. ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಂಡೆ.

ಓಬಳೇಶ ನನ್ನ ಕೈಯ ಕಾರ್ಡು ಇಸಕೊಂಡು ಬೆಳಕಿಗೆ ಹಿಡಿದು ನೋಡಿದ. ಚಪ್ಪಲಿ ಯಾರದೆಂದು ತಿಳಿಯದ ಈ ಮನುಷ್ಯ, ಸಾವುಕಾರರ ಎದುರು ತಲೆ ಎತ್ತದ ಈ ಮನುಷ್ಯ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ತಪ್ಪಿಲ್ಲ. ಕೈ ಸರಿ ಐತೆ. ಗ್ರಾಫೇ ತಪ್ಪು.”

“ಗ್ರಾಫ್ ನೀನೇ ಬರ್ದಿದ್ದಲ್ಲವೋ,” ಎಂದರು ಸಾವುಕಾರರು.

“ಹೂಂರಿ. ಬರ್ದಾಗ ನಂಗೆ ಗೊತ್ತಿರ್ಲಿಲ್ಲ. ಹೋದ ಶುಕ್ರವಾರ ಗೊತ್ತಾಯ್ತು. ತಿದ್ದೋಕೆ ಮರ್ತೆ. ಕೇಳ್ರಿ ಬೇಕಾದ್ರೆ.”

ಕಾರ್ಡಿನಲ್ಲಿ ಇದ್ದ ಹಾಗೆ ಒಮ್ಮೆ ನುಡಿಸಿದ. ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಬಾಗಿಲಲ್ಲಿದ್ದ ಹೆಂಗಸರೆಲ್ಲ ಮುಖ ಹಿಂಡಿದರು. ಆಮೇಲೆ ತನ್ನ ಕೈ ಹೇಳಿದ ಹಾಗೆ ನುಡಿಸಿದ. ಹಿಂಡಿದ ಮುಖಗಳು ಸಡಿಲವಾದವು.

“ಅಲ್ಲಿ ಹಂಗೇ ಬರೋದು,” ಎಂದಳು ಸುಲೋಚನಮ್ಮ ಮಗ್ಗದಿಂದ. “ನಾನು ಹಂಗೇ ಹಾಡೋದು.”

ಮಾರುತೇಶ ಜನರನ್ನು ತಳ್ಳಿಕೊಂಡು ಮುಂದೆ ಬಂದ. “ಸಾವ್ಕಾರ್ರೆ, ನಾನೊಂದು ಮಾತು ಹೇಳ್ಳಾ? ಬೆಳಿಗ್ಗೆಯಿಂದ ನೇಯ್ತಿದೀನಲ್ಲ, ಅಂಚೆಲ್ಲಾ ಚೆನ್ನಾಗಿ ಬರ್ತದೆ, ಒಂದು ಜಾಗದಾಗೆ ಮಾತ್ರ ಒಂದು ಚುಕ್ಕಿ ಕಣ್ಣಿಗೆ ಚುಚ್ತದೆ. ಪ್ರತಿ ಸಲಾನೂ ಅದೇ ಜಾಗ. ನಲವತ್ತೊಂದನೇ ಕಾರ್ಡು.”

ದೊಡ್ಡೀರಪ್ಪನವರು ಅರ್ಧ ಎದ್ದವರು ಹಾಗೇ ನಿಂತರು. ಐವತ್ತು ವರ್ಷ ಅಂಚು ನೋಡಿದ ಕಣ್ಣು ಅವರದು. ಆಗಲೇ ಬಗ್ಗಿ ನೋಡಿದಾಗ ಆ ಚುಕ್ಕಿ ಅವರಿಗೂ ಚುಚ್ಚಿರಬೇಕು. ಕಳ್ಳ ಡಿಸೈನು ಬರೆಯುವವನು ಒಂದು ಚುಕ್ಕಿ ತಪ್ಪಿದರೆ ಅದನ್ನು ಗಿಟಾರು ಮೀಟಿ ಕಂಡುಹಿಡಿಯುವುದಿಲ್ಲ ಎಂಬುದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ಕೆಮ್ಮಿದರು. ಕ್ಷಮೆ ಕೇಳುವ ಅಭ್ಯಾಸ ನಮ್ಮ ಸಾವುಕಾರರಿಗಿಲ್ಲ. ನನ್ನ ಕಡೆ ತಿರುಗಿದರು.

“ಚಿತ್ತಪ್ಪ, ಆ ಕಾರ್ಡ್ ಕಿತ್ತಾಕು. ಓಬಳೇಶ ನುಡಿಸ್ದಂಗೆ ಹೊಸ್ದು ಹೊಡಿ. ಈ ಸೀರೆ ಇದೇ ಅಂಚಲ್ಲೇ ಇಳೀಲಿ.”

ನನ್ನ ಮೂವತ್ತೊಂದು ವರ್ಷದಲ್ಲಿ ಗ್ರಾಫ್ ನೋಡಿ ಕೈ ತಿದ್ದಿದ್ದೇ ಹೊರತು, ಕೈ ಕೇಳಿ ಕಾರ್ಡು ತಿದ್ದಿದ್ದು ಅದೇ ಮೊದಲು. ಓಬಳೇಶನಿಗೆ ಅಡ್ಡಬೀಳಬೇಕು ಅನ್ನಿಸಿತು. ಜನ ಇದ್ದರು, ಬೀಳಲಿಲ್ಲ. ಅವನ ಕೈ ಹಿಡಿದು “ನಾನೇ ಬಾಯಿಬಡುಕ, ಏನೇನೋ ಹೇಳ್ಬಿಟ್ಟೆ ಕಣಪ್ಪ” ಎಂದೆ. “ಗ್ರಾಫ್ ಬದಲಾಯ್ಸಿದ್ದು ನಾನಲ್ವಾ ಚಿತ್ತಪ್ಪಣ್ಣ,” ಎಂದ ಅವನು, ನನ್ನನ್ನೇ ಸಮಾಧಾನ ಮಾಡುವವನ ಹಾಗೆ.

ಸಾವುಕಾರರು ಮತ್ತೆ ಚಾಪೆಯ ಮೇಲೆ ಕೂತಿದ್ದರು. “ಮೊದಲಿಂದ ನುಡಿಸು,” ಎಂದರು. ಓಬಳೇಶ ನುಡಿಸಿದ. ನಲವತ್ತೊಂದು ದಾಟಿ, ತೊಂಬತ್ತಾರರವರೆಗೆ. ಈ ಸಲ ಯಾರೂ ಕಾರ್ಡು ನೋಡಲಿಲ್ಲ. ಎರಡು ಕಡೆ ತಪ್ಪಿದ, ತಪ್ಪಿದಾಗ ತಾನೇ ನಕ್ಕು ಒಂದು ಹೆಜ್ಜೆ ಹಿಂದೆ ಹೋಗಿ ಸರಿಮಾಡಿಕೊಂಡ. ಆ ನಗುವನ್ನು ನಾನು ಅವನ ಮುಖದಲ್ಲಿ ಹಿಂದೆ ಕಂಡಿರಲಿಲ್ಲ. ತೊಂಬತ್ತಾರಕ್ಕೆ ಬಂದು ರಾಗದ ನಟ್ಟನಡುವೆ ನಿಲ್ಲಿಸಿದ.

“ಮುಂದೆ?” ಎಂದರು ಸಾವುಕಾರರು.

“ಇನ್ನೂ ಕಲ್ತಿಲ್ಲರಿ. ಇಷ್ಟೇ ಬರೋದು.”

ಮೊಳಕಾಲ್ಮುರಿನಲ್ಲಿ ಸಾವುಕಾರರು ನೇಕಾರರಿಗೆ ಕೇಳುವುದು ಹುಟ್ಟಿದಾಗಿನಿಂದ ಒಂದೇ ಪ್ರಶ್ನೆ. ಕುಶಲ ಕೇಳುವ ಮೊದಲು ಅದನ್ನು ಕೇಳುತ್ತಾರೆ. ಸತ್ತ ಮನೆಗೆ ಬಂದರೂ ಹೂವು ಹಾಕಿ ಅದನ್ನು ಕೇಳಿಯೇ ಹೋಗುತ್ತಾರೆ. ದೊಡ್ಡೀರಪ್ಪನವರೂ ಅದನ್ನೇ ಕೇಳಿದರು.

“ಪೂರ್ತಿ ಯಾವಾಗ ಇಳೀತದೆ?”

ಓಬಳೇಶ ತಲೆ ಕೆರೆದುಕೊಂಡ. “ವಾರಕ್ಕೆ ನಾಲ್ಕು ಸಾಲು ಬರ್ತದೆ ಸಾವ್ಕಾರ್ರೆ. ಉಗಾದಿ ದಾಟಬೋದು.”

ನಾವೆಲ್ಲ ಸಾವುಕಾರರ ಮುಖ ನೋಡಿದೆವು. ಸೀರೆಯ ವಿಷಯದಲ್ಲಿ ಇಂಥ ಉತ್ತರ ಕೊಟ್ಟು ಬೈಸಿಕೊಳ್ಳದ ನೇಕಾರ ನಮ್ಮ ಬೀದಿಯಲ್ಲಿ ಒಬ್ಬನೂ ಇಲ್ಲ.

ದೊಡ್ಡೀರಪ್ಪನವರು ಎದ್ದು, ಚಪ್ಪಲಿ ಮೆಟ್ಟಿ, ಹೊಸ್ತಿಲ ಹತ್ತಿರ ನಿಂತು ಹೇಳಿದರು: “ದಾಟ್ಲಿ ಬಿಡು. ಅವಸರ ಏನಿಲ್ಲ.”